ಸೇಬಿನ ಮರಕ್ಕೆ ನಮ್ಮ ಕೈಯೇ ಚಳಿಗಾಲ

ಆ ವರ್ಷ ಸುಂಬರ್‌ವಾರು ಊರಿನ ಯಾವ ಜಗಲಿಯಲ್ಲಿ ಕೂತರೂ ಒಂದೇ ಮಾತು.

"ನಿಮ್ಮ ತೋಟ ಹೂ ಬಿಡ್ತಾ?"

"ಎಲ್ಲಿ ಬಿಡ್ತು? ಎಲೆ ಇದೆ, ಹೂವಿಲ್ಲ. ಹೂ ಬಂದ್ರೆ ಕಾಯಿ ನಿಲ್ಲಲ್ಲ. ಕಾಯಿ ನಿಂತ್ರೆ ನಿಂಬೆಹಣ್ಣಿನ ಗಾತ್ರ ದಾಟಲ್ಲ."

ಅರ್ಜುನೊ ಬೆಟ್ಟದ ಇಳಿಜಾರಿನಲ್ಲಿ ಸೇಬು ಬೆಳೆದೇ ಮನೆ ಕಟ್ಟಿದ, ಮಕ್ಕಳ ಮದುವೆ ಮಾಡಿದ ಊರು ಅದು. ವರ್ಷಕ್ಕೆ ಎರಡು ಕೊಯ್ಲು ಕಂಡಿದ್ದ ಊರಿನಲ್ಲಿ ಈಗ ಬೆಳಗಾದರೆ ಯಂತ್ರದ ಗರಗಸದ ಸದ್ದು. ಒಬ್ಬರಾದ ಮೇಲೊಬ್ಬರು ಸೇಬು ಕಡಿದು ಕಿತ್ತಳೆ ಹಾಕುತ್ತಿದ್ದರು.

ಪೊನಿರಾನ್ ಕೂಡ ಮನಸ್ಸು ಗಟ್ಟಿ ಮಾಡಿಕೊಂಡ. ಅವನು ಆ ಮನೆಗೆ ಅಳಿಯನಾಗಿ ಬಂದವನು. ತೋಟದ ನೂರ ಮೂವತ್ತು ಮರಗಳನ್ನೂ ನೆಟ್ಟವರು ಅವನ ಹೆಂಡತಿ ತುಮಿನಾಳ ಅಪ್ಪ ಅಮ್ಮ. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅಮ್ಮ ಪೈನೆಮ್ ಇದ್ದಳು. ಎಪ್ಪತ್ತೆಂಟರ ಮುದುಕಿ, ಊರಿಗೆಲ್ಲ ಅವಳು 'ಮ್ಬಾ', ಅಂದರೆ ಅಜ್ಜಿ. ಮಗಳು ಅಳಿಯ ಇಬ್ಬರೂ ಅವಳನ್ನು 'ಮಾಕ್', ಅಂದರೆ ಅಮ್ಮ ಎಂದು ಕರೆಯುತ್ತಿದ್ದರು.

"ಮಾಕ್, ನಾಳೆ ಕಡಿಯೋರು ಬರ್ತಾರೆ," ಎಂದು ಪೊನಿರಾನ್ ಹೇಳಿದಾಗ ಅವಳು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು.

"ದುಡಿಯೋನು ನೀನು. ನಿನಗೆ ಸರಿ ಕಂಡ್ರೆ ಸರಿ," ಎಂದಳು. ತಲೆ ಎತ್ತಲಿಲ್ಲ.

ಮಾರನೆಯ ದಿನ ಕೆಳಗಿನ ಪಟ್ಟಿಯಿಂದ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಎಪ್ಪತ್ತು ಮರಗಳು ನೆಲ ಹಿಡಿದಿದ್ದವು. ಅಜ್ಜಿ ಹಿತ್ತಿಲ ಮೆಟ್ಟಿಲ ಮೇಲೆ ಹುರುಳಿಕಾಯಿ ಬಿಡಿಸುತ್ತಾ ಕೂತೇ ಇದ್ದಳು. ಒಂದೊಂದು ಮರ ಬಿದ್ದಾಗಲೂ ಅವಳ ಕೈ ಒಂದು ಗಳಿಗೆ ನಿಲ್ಲುತ್ತಿತ್ತು, ಆಮೇಲೆ ಮತ್ತೆ ಕೆಲಸ ಮಾಡುತ್ತಿತ್ತು. ಊಟದ ಹೊತ್ತಿಗೆ ಒಂದು ಮುದಿ ಬೊಡ್ಡೆಗೆ ಸಿಕ್ಕಿ ಗರಗಸದ ಸರಪಳಿ ತುಂಡಾಯಿತು. ಕಡಿಯುವವನು ಬೆವರು ಒರೆಸಿಕೊಂಡು, "ಹೊಸ ಸರಪಳಿ ಹಾಕಿಸ್ಕೊಂಡು ಮುಂದಿನ ವಾರ ಬರ್ತೀನಿ," ಎಂದು ಹೋದ. ಮೇಲಿನ ಪಟ್ಟಿಯ ಅರವತ್ತು ಮರ ಹಾಗೇ ಉಳಿದವು.

ಅವತ್ತು ಸಂಜೆ ತುಮಿನಾ ಹೆಂಗಸರ ಪ್ರಾರ್ಥನೆ ಕೂಟಕ್ಕೆ ಹೋದಳು. ಪ್ರಾರ್ಥನೆ ಮುಗಿದು ಚಹಾ ಬರುವ ಹೊತ್ತಿಗೆ ಪಕ್ಕದಲ್ಲಿ ಕೂತಿದ್ದ ಪ್ರಪ್ತಿಯ ಕೈ ಹಿಡಿದುಕೊಂಡಳು. ಪ್ರಪ್ತಿ ಪಕ್ಕದ ಊರಿನ ರೈತನ ಮಗಳು, ಕೃಷಿ ಇಲಾಖೆಯಲ್ಲಿ ಕೆಲಸ.

"ಒಂದ್ಸಲ ಬಂದು ನೋಡಮ್ಮ. ನಾನು ಹೇಳಿದ್ರೆ ನಮ್ಮನೆಯವರು ಕೇಳಲ್ಲ. ಅಮ್ಮ ಮಾತೇ ಬಿಟ್ಟಿದ್ದಾಳೆ."

ಪ್ರಪ್ತಿ ಮರುದಿನವೇ ಬಂದಳು. ಬೈಕು ನಿಲ್ಲಿಸಿ ಹೆಲ್ಮೆಟ್ಟು ತೆಗೆಯುವ ಮೊದಲೇ ಪೊನಿರಾನ್ ಜಗಲಿಯಿಂದ ಕೂಗಿದ.

"ಬಾ, ಬಾ! ಇಲಾಖೆಯೋರು ಬರ್ತಾರೆ, ಕಾಫಿ ಕುಡೀತಾರೆ, ಫೋಟೋ ತೆಗೀತಾರೆ, ಹೋಗ್ತಾರೆ. ಕಾಫಿ ಇದೆ. ಫೋಟೋಗೆ ಮರ ಕಮ್ಮಿ ಆಗಿದಾವೆ, ಅಷ್ಟೇ."

"ಕಾಫಿ ಆಮೇಲೆ ಕುಡೀತೀನಿ, ಲಿಕ್," ಎಂದಳು ಪ್ರಪ್ತಿ. ಚಿಕ್ಕಪ್ಪನ ವಯಸ್ಸಿನವರನ್ನು ಅಲ್ಲಿ ಹಾಗೆ ಕರೆಯುವುದು. "ಮೊದಲು ಒಂದು ಗುದ್ದಲಿ ಕೊಡಿ."

ಅವಳು ಸೇಬಿನ ಮರದ ಕೆಳಗೆ ಗುದ್ದಲಿ ಹಾಕಿದಳು. ಟಣ್ ಎಂದಿತು. ನಾಲ್ಕು ಏಟು ಹಾಕಿದ ಮೇಲೆ ಒಂದು ಹೆಂಟೆ ಎದ್ದಿತು. ಬಿಳಿಚಿದ ಬಣ್ಣ, ಇಟ್ಟಿಗೆಯ ಹಾಗೆ ಗಟ್ಟಿ. ಆಮೇಲೆ ಬೇಲಿಯಾಚೆ ಬಿದಿರಿನ ಮೆಳೆಯ ಬುಡದಿಂದ ಒಂದು ಹಿಡಿ ಮಣ್ಣು ತಂದಳು. ಅದು ಕಪ್ಪಗಿತ್ತು, ಕೈಯಲ್ಲೇ ಉದುರುತ್ತಿತ್ತು. ಅದರೊಳಗಿಂದ ಒಂದು ಎರೆಹುಳ ಹೊರಳಿಕೊಂಡು ಅವಳ ಮಣಿಕಟ್ಟಿಗೆ ಬಂತು.

"ಎರಡನ್ನೂ ಮೂಸಿ ನೋಡಿ, ಲಿಕ್."

"ನಾನೇನು ನಾಯಿನಾ?"

"ಮೂಸಿ ನೋಡ್ರೀ!" ಎಂದಳು ತುಮಿನಾ ಒಳಗಿನಿಂದ.

ಮೂಸಿದ. ಬಿದಿರಿನ ಮಣ್ಣು ಮೊದಲ ಮಳೆ ಬಿದ್ದ ನೆಲದಂತೆ ಘಮ್ಮೆನ್ನುತ್ತಿತ್ತು. ತನ್ನ ತೋಟದ ಮಣ್ಣಿಗೆ ವಾಸನೆಯೇ ಇರಲಿಲ್ಲ, ಎಲ್ಲೋ ಒಂದು ಚೂರು ಔಷಧಿಯ ಘಾಟು ಬಿಟ್ಟರೆ.

"ಇದಕ್ಕೆ ಏನು ಹಾಕ್ತೀರಿ?"

"ಅಂಗಡಿ ಮೂಟೆ ಗೊಬ್ಬರ. ಒಂದು ಕಾಲದಲ್ಲಿ ಮರಕ್ಕೆ ಒಂದು ಸೇರು ಸಾಕಿತ್ತು. ಈಗ ಮೂರು ಹಾಕಿದ್ರೂ ಅಷ್ಟಕ್ಕಷ್ಟೇ."

"ಮೂಟೆ ಗೊಬ್ಬರ ಉಪ್ಪಿನಕಾಯಿ ಇದ್ದ ಹಾಗೆ ಲಿಕ್, ಅದೇ ಊಟ ಅಲ್ಲ. ಎಷ್ಟು ವರ್ಷದಿಂದ ಈ ಮರಗಳಿಗೆ ಬರೀ ಉಪ್ಪಿನಕಾಯಿ ಬಡಿಸ್ತಿದ್ದೀರಿ?"

ಪೊನಿರಾನ್ ಲವಂಗದ ಸಿಗರೇಟು ಹಚ್ಚಿದ. ಹಚ್ಚುವಾಗ ಬೆರಳು ನಡುಗಿತು. ಪ್ರಪ್ತಿ ಅದನ್ನು ನೋಡಿದಳು. ತುಮಿನಾ ಅದನ್ನು ಒಂದು ವರ್ಷದಿಂದ ನೋಡುತ್ತಿದ್ದಳು.

"ಔಷಧಿ ಎಷ್ಟು ದಿನಕ್ಕೊಂದ್ಸಲ ಹೊಡೀತೀರಿ?"

"ಐದು ದಿನಕ್ಕೆ. ಮಳೆ ಬಂದ್ರೆ ಮೂರು ದಿನಕ್ಕೆ."

"ಹುಳ ಇದ್ರೂ, ಇಲ್ದಿದ್ರೂ?"

"ಬರೋ ಮುಂಚೆ ಹೊಡೀಬೇಕು. ಬಂದ ಮೇಲೆ ಹೊಡೆದ್ರೆ ಏನು ಪ್ರಯೋಜನ?"

"ಮುಖಕ್ಕೆ ಏನು ಕಟ್ಕೋತೀರಿ?"

ಅವನು ಬಾಯಲ್ಲಿದ್ದ ಸಿಗರೇಟು ತೋರಿಸಿದ. "ಇದೇ ಸಾಕು. ಹೊಗೆಗೆ ಹುಳನೇ ಹತ್ರ ಬರಲ್ಲ, ಔಷಧಿ ಬರುತ್ತಾ?"

ಪ್ರಪ್ತಿ ಮಣ್ಣು ಕೊಡವಿಕೊಂಡು ಜಗಲಿಗೆ ಬಂದು ಕೂತಳು. ಬೇಯಿಸಿದ ಮರಗೆಣಸು, ಕಾಫಿ ಬಂತು.

"ಕೊಯ್ಲಾದ ಮೇಲೆ ಎಲೆ ಯಾವಾಗ ಬಿಡಿಸ್ತೀರಿ?"

"ಬಿಡಿಸೋದೆಲ್ಲಿ? ಅಷ್ಟು ಆಳು ಯಾರು ತರ್ತಾರೆ? ಕೊಯ್ಲಾದ ವಾರದಲ್ಲೇ ಎಲೆ ಉದುರೋ ಔಷಧಿ ಹೊಡೆದ್ಬಿಡ್ತೀನಿ. ಬೇಗ ಉದುರಿದ್ರೆ ಬೇಗ ಹೂವು."

"ಬಂತಾ ಹೂವು?"

ಪೊನಿರಾನ್‌ಗೆ ರೇಗಿತು. "ಬಂದಿದ್ರೆ ಮರ ಯಾಕೆ ಕಡೀತಿದ್ದೆ? ಕಾಲ ಬಿಸಿಯಾಗಿದೆ, ತಾಯಿ. ನಾನು ಮದುವೆಯಾಗಿ ಬಂದಾಗ ಬೆಳಿಗ್ಗೆ ಹತ್ತರವರೆಗೂ ಕಂಬಳಿ ಹೊದ್ದು ಕೂತಿರ್ತಿದ್ವಿ. ಈಗ ನೋಡು, ಬನಿಯನ್ನಲ್ಲಿದ್ದೀನಿ. ಸೇಬಿನ ಕಾಲ ಮುಗೀತು. ಕಿತ್ತಳೆ ಹಾಕ್ತೀನಿ, ಮುಗೀತು ಕಥೆ."

"ಬಿಸಿ ಏರಿರೋದು ನಿಜ. ಇಲ್ಲ ಅನ್ನಲ್ಲ," ಎಂದಳು ಪ್ರಪ್ತಿ. "ಗೊಬ್ಬರ ಹಾಕಿದ ಮಾತ್ರಕ್ಕೆ ಗಾಳಿ ತಣ್ಣಗಾಗಲ್ಲ. ಇನ್ನೂ ಕೆಳಗಿನ ಊರುಗಳಲ್ಲಿ ಈ ಜಾತಿ ನಿಲ್ಲೋದು ಕಷ್ಟಾನೇ. ಆದ್ರೆ ಹೊಟ್ಟೆ ತುಂಬಿದ ಆಳು ಬಿಸಿಲು ತಡೀತಾನೆ, ಹಸಿದೋನು ತಡೀತಾನಾ? ನಮ್ಮಪ್ಪನ ವಿಷಯ ನಿಮಗೆ ಗೊತ್ತಲ್ಲ."

"ಗೊತ್ತು. ಕಿತ್ತಳೆ ಹಾಕಿದ್ರು."

"ಹಾಕಿದ್ರು. ಮೊದಲ ಎರಡು ವರ್ಷ ಊರೆಲ್ಲ ಹೊಗಳ್ತು. ನಾಲ್ಕನೇ ವರ್ಷಕ್ಕೆ ಎಲೆ ಹಳದಿ ತಿರುಗ್ತು, ಬೇರು ಕೊಳೀತು. ಮರ ಬದಲಾಯ್ಸಿದ್ರು ಲಿಕ್, ಮಣ್ಣು ಬದಲಾಯ್ಸಲಿಲ್ಲ. ಈಗ ಅಪ್ಪ ಪೇಟೇಲಿ ಇನ್ನೊಬ್ಬರ ಅಂಗಡಿ ಮುಂದೆ ಮೂಟೆ ಇಳಿಸ್ತಾರೆ."

ಹಾಗೆಂದು ಅವಳು ಕಾಫಿ ಲೋಟ ಕೆಳಗಿಟ್ಟಳು. ಅವಳ ಅಪ್ಪನ ಜೊತೆ ಪೊನಿರಾನ್ ಎಷ್ಟೋ ಸಲ ಒಂದೇ ಲಾರಿಯಲ್ಲಿ ಹಣ್ಣು ಹೇರಿಕೊಂಡು ಹೋಗಿದ್ದ.

ಆಗ ಒಳಗಿನಿಂದ ಪೈನೆಮ್ ಬಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತುಕೊಂಡಳು.

"ರಾನ್, ಒಂದು ಮಾತು ಕೇಳ್ತೀನಿ. ಆ ಉಳಿದ ಮರಗಳಿಗೆ ಒಂದೇ ಒಂದ್ಸಲ ನನ್ನ ಕೈಯಾರೆ ಎಲೆ ಬಿಡಿಸ್ತೀನಿ. ಒಂದು ಬೆಳೆ ನೋಡೋಣ. ಬರ್ಲಿಲ್ಲ ಅಂದ್ರೆ ನೀನೇ ಕಡಿ, ನಾನು ತುಟಿ ಪಿಟಕ್ ಅನ್ನಲ್ಲ."

"ಈ ವಯಸ್ಸಲ್ಲಿ ನೀವು ಮರದ ಹತ್ರ ಹೋಗ್ತೀರಾ, ಮಾಕ್?"

"ಮರದ ವಯಸ್ಸು ಕೇಳ್ದೆ ನೀನು ಗರಗಸ ಇಟ್ಟೆ. ನನ್ನ ವಯಸ್ಸು ಯಾಕೆ ಕೇಳ್ತೀಯ?"

ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಅತ್ತೆ ಅವನಿಗೆ ಹೀಗೆ ಮಾತಾಡಿದ್ದು ಅದೇ ಮೊದಲು. ಪೊನಿರಾನ್ ಸಿಗರೇಟು ಕಾಲಲ್ಲಿ ಹೊಸಕಿ, "ಒಂದು ಬೆಳೆ," ಎಂದ. "ಒಂದೇ."

ಕೆಲಸ ಸಗಣಿಯಿಂದ ಶುರುವಾಯಿತು. ಪಕ್ಕದ ಮನೆಯ ಜುಮಾರಿಗೆ ಹಾಲು ಕರೆಯುವ ಆರು ಹಸುಗಳಿದ್ದವು. ಅವನು ದಿನಾ ಕೊಟ್ಟಿಗೆ ತೊಳೆದು ಸಗಣಿಯನ್ನೆಲ್ಲ ಕಾಲುವೆಗೆ ಬಿಡುತ್ತಿದ್ದ. ಕೆಳಗಿನ ಕೇರಿಯವರು ಅದೇ ನೀರಲ್ಲಿ ಬಟ್ಟೆ ಒಗೆಯಲಾರದೆ ಅವನನ್ನು ಬೈಯುತ್ತಿದ್ದರು. ತುಮಿನಾ ಕೈಗಾಡಿ ತಳ್ಳಿಕೊಂಡು ಹೋಗಿ ಕೇಳಿದಾಗ ಅವನಿಗೆ ನಂಬಿಕೆಯೇ ಬರಲಿಲ್ಲ.

"ಸಗಣಿ ಬೇಕಾ? ನಿಜವಾಗ್ಲೂ? ಅಕ್ಕ, ಹಸುಗಳನ್ನೂ ಹೊಡ್ಕೊಂಡು ಹೋಗಿ, ನೀವೇ ಹೆಸರಿಟ್ಟು ಸಾಕಿ!"

ಹಸಿ ಸಗಣಿಯನ್ನು ನೇರ ಬುಡಕ್ಕೆ ಹಾಕಬಾರದು, ಬೇರು ಸುಡುತ್ತದೆ ಎಂದು ಪ್ರಪ್ತಿ ಹೇಳಿಕೊಟ್ಟಿದ್ದಳು. ಒಂದು ಪದರ ಸಗಣಿ, ಒಂದು ಪದರ ಕಾಫಿ ಸಿಪ್ಪೆ ಮತ್ತು ಒಣಹುಲ್ಲು, ಮೇಲೆ ಒಂದಿಷ್ಟು ಬಿದಿರಿನ ಮೆಳೆಯ ಮಣ್ಣು. ಮಳೆ ನೀರು ಇಳಿಯದ ಹಾಗೆ ಹೊದಿಕೆ. ವಾರಕ್ಕೊಮ್ಮೆ ಮಗುಚುವುದು. ಮಗುಚಿದಾಗ ರಾಶಿಯಿಂದ ಹಬೆ ಏಳುತ್ತಿತ್ತು.

"ಏನು, ಸಗಣಿ ಪಲಾವು ಬೆಂದಿತಾ?" ಎಂದು ಪೊನಿರಾನ್ ಜಗಲಿಯಿಂದಲೇ ಕೀಟಲೆ ಮಾಡುತ್ತಿದ್ದ. ಮೂರನೇ ವಾರ ತುಮಿನಾಳ ಸೊಂಟ ಹಿಡಿದುಕೊಂಡಿತು. ಅವನು ಗೊಣಗಿಕೊಂಡೇ ಗುದ್ದಲಿ ತೆಗೆದುಕೊಂಡ. ಅಲ್ಲಿಂದ ಮುಂದೆ ಅವನೇ ಮಗುಚಿದ.

ಎರಡು ತಿಂಗಳಿಗೆ ರಾಶಿ ತಣ್ಣಗಾಯಿತು, ಕಪ್ಪಾಯಿತು, ನಾತ ಹೋಯಿತು. ಕೊಂಬೆಗಳ ಅಂಚಿನ ನೇರಕ್ಕೆ, ಬುಡದಿಂದ ದೂರದಲ್ಲಿ ಸುತ್ತಲೂ ಗೇಣು ಆಳದ ಕಾಲುವೆ ತೋಡಿ, ಮರಕ್ಕೆ ಎರಡೆರಡು ಬುಟ್ಟಿ ಹಾಕಿ ಮಣ್ಣು ಮುಚ್ಚಿದರು. ಮೇಲೆ ಕಳೆಹುಲ್ಲು ಹಾಸಿದರು. ಆಮೇಲೆ ಕಾದರು. ಮರ ಗೊಬ್ಬರ ಉಂಡುಕೊಳ್ಳಲಿ, ಎಲೆ ಪೂರ್ತಿ ಬಲಿಯಲಿ ಎಂದು ಪೈನೆಮ್ ಯಾರಿಗೂ ಒಂದು ಎಲೆ ಮುಟ್ಟಲು ಬಿಡಲಿಲ್ಲ.

ದಿನಾ ಬೆಳಿಗ್ಗೆ ಅವಳು ಕೋಲೂರಿಕೊಂಡು ಬಂದು ಒಂದು ಎಲೆ ಕಿತ್ತು ಮುಷ್ಟಿಯಲ್ಲಿ ಹಿಸುಕುತ್ತಿದ್ದಳು. ಮೆತ್ತಗೆ ಮಡಚಿಕೊಂಡರೆ, "ಇನ್ನೂ ಎಳಸು," ಎಂದು ವಾಪಸು ಹೋಗುತ್ತಿದ್ದಳು. ಒಂದು ದಿನ ಎಲೆ ಚಟಕ್ಕನೆ ಮುರಿಯಿತು. ಎಲೆತೊಟ್ಟಿನ ಹಿಂದೆ ಮೊಗ್ಗು ಭತ್ತದ ಕಾಳಿನಷ್ಟು ಉಬ್ಬಿತ್ತು.

"ಇವತ್ತು," ಎಂದಳು.

ಹುಡುಗಿಯಾಗಿದ್ದಾಗ ಅವಳು ಎಲೆ ಬಿಡಿಸುವ ಹೆಂಗಸರ ಗುಂಪಿಗೆ ಮುಂದಾಳು. ಅರವತ್ತು ವರ್ಷ ಕಳೆದಿದ್ದರೂ ಬೆರಳಿಗೆ ಮರೆತಿರಲಿಲ್ಲ. ಹೆಬ್ಬೆರಳನ್ನು ತೊಟ್ಟಿಗೆ ಒತ್ತಿ, ಪಕ್ಕಕ್ಕೆ ಒಂದು ಸಣ್ಣ ತಿರುವು. ಎಲೆ ಕೈಗೆ ಬರುತ್ತಿತ್ತು, ಮೊಗ್ಗು ಅಲ್ಲಾಡುತ್ತಿರಲಿಲ್ಲ. ಪೊನಿರಾನ್ ಸೊಪ್ಪು ಸವರುವ ಹಾಗೆ ಕೊಂಬೆ ಹಿಡಿದು ಸರ್‍ರನೆ ಎಳೆದ.

"ಅಯ್ಯೋ ಮಾರಾಯ, ಮೊಗ್ಗೆಲ್ಲ ಎಲೆ ಜೊತೆಗೇ ಬಂತು! ಹೆಂಡತಿ ಜಡೆ ಬಿಚ್ಚೋ ಹಾಗೆ ಬಿಚ್ಚು, ಹಗ್ಗ ಎಳೆದ ಹಾಗೆ ಎಳೀಬೇಡ."

"ಅವರು ಜಡೆ ಬಿಚ್ಚಿದ್ದು ಯಾವ ಕಾಲದಲ್ಲೋ," ಎಂದಳು ತುಮಿನಾ. ಪೊನಿರಾನ್ ಕಿವಿ ಕೆಂಪಗಾಯಿತು.

ಮಧ್ಯಾಹ್ನ ತಟ್ಟೆಗೆ ಅನ್ನ, ಸೋಯಾ ಕಾಳು ಹುದುಗಿಸಿ ಮಾಡಿದ ಟೆಂಪೆ, ಖಾರದ ಚಟ್ನಿ ಹಾಕಿಕೊಂಡು ಮರದಡಿ ಕೂತಾಗ ಪೊನಿರಾನ್ ಕೇಳಿದ. "ಮಾಕ್, ಇಷ್ಟು ಒಳ್ಳೆ ಎಲೇನ ಯಾಕೆ ಕೀಳ್ಬೇಕು? ನಾನು ಎಲ್ಲರೂ ಮಾಡ್ತಾರೆ ಅಂತ ಮಾಡ್ತಿದ್ದೆ. ಕೇಳಿರ್ಲೇ ಇಲ್ಲ."

"ಇದು ಚಳಿ ದೇಶದ ಮರ ಕಣೋ. ಅಲ್ಲಿ ಹಿಮ ಬಿದ್ದು ಎಲೆ ಎಲ್ಲ ಉದುರುತ್ತಂತೆ. ಮರ ಮಲಗುತ್ತೆ. ಎದ್ದಾಗ ಹೂ ಬಿಡುತ್ತೆ. ಇಲ್ಲಿ ಹಿಮ ಎಲ್ಲಿಂದ ತರೋದು? ನಾವು ಎಲೆ ಬಿಡಿಸಿದ್ರೆ, ಚಳಿಗಾಲ ಬಂತು, ಹೋಯ್ತು, ಇನ್ನು ಏಳ್ಬೇಕು ಅಂತ ಅದು ತಿಳ್ಕೊಳ್ಳುತ್ತೆ. ನಮ್ಮ ಕೈಯೇ ಅದಕ್ಕೆ ಚಳಿಗಾಲ. ನಿಮ್ಮ ಮಾವ ಹಾಗೇ ಅಂತಿದ್ರು." ಅವಳು ಒಂದು ತುತ್ತು ತಿಂದು ಮತ್ತೆ ಹೇಳಿದಳು. "ನೀನು ಕೊಯ್ಲಾದ ವಾರಕ್ಕೇ ಎಬ್ಬಿಸ್ತಿದ್ದೆ. ಹೆತ್ತು ಏಳದ ಬಾಣಂತೀನ ಗದ್ದೆಗೆ ಕಳ್ಸಿದ ಹಾಗೆ. ಕೊಯ್ಲಾದ ಮೇಲೆ ಗೊಬ್ಬರ ಕೊಟ್ಟು ಮೂರು ನಾಲ್ಕು ವಾರನಾದ್ರೂ ಬಿಡ್ಬೇಕು."

ಪೊನಿರಾನ್ ಕೆಳಗಿನ ಪಟ್ಟಿಯ ಕಡೆ ನೋಡಿದ. ಎಪ್ಪತ್ತು ಬೊಡ್ಡೆಗಳು ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗಿದ್ದವು. ಉಳಿದ ಅನ್ನ ಹಾಗೇ ಬದಿಗಿಟ್ಟ.

ಐದು ದಿನಕ್ಕೆ ಅರವತ್ತು ಮರ ಬೋಳಾದವು. ನೆಟ್ಟಗೆ ನಿಂತ ಕೊಂಬೆಗಳನ್ನು ಬಿದಿರಿನ ದಬ್ಬೆಗೆ ಕಟ್ಟಿ ಮೆಲ್ಲಗೆ ಬಾಗಿಸಿದರು. ಬಾಗಿದ ಕೊಂಬೆಗೆ ಹೂ ಜಾಸ್ತಿ. ಜುಮಾರಿ ಬೇಲಿಯಾಚೆಯಿಂದ ನೋಡಿ, "ಅಣ್ಣ, ಮರಗಳ ತಲೆ ಬೋಳಿಸಿದ್ರಾ?" ಎಂದು ನಕ್ಕ.

ಮೂರು ವಾರ ಕಳೆದು ಹೂ ಬಂತು. ಎಲ್ಲ ಮರಕ್ಕೂ ಅಲ್ಲ. ನಲವತ್ತು ನಲವತ್ತೈದು ಮರ ಬಿಳಿ, ನಸುಗೆಂಪು ಹೂವಿನಿಂದ ತುಂಬಿಕೊಂಡವು. ಉಳಿದವು ಬರೀ ಎಲೆ ಚಿಗುರಿದವು. ಅದರ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಎರಡು ದಿನ ಮಳೆ ಹೊಡೆದು, ಹೂವಿನ ಒಂದು ಪಾಲು ನೆಲಕ್ಕೆ ಬಿತ್ತು.

ಪೊನಿರಾನ್ ಪ್ರಪ್ತಿಗೆ ಫೋನು ಹಚ್ಚಿದ. "ಇದೇನಮ್ಮ, ನೀನು ಹೇಳಿದ್ದು ಇಷ್ಟೇನಾ?"

"ಎಲ್ಲ ಮರಾನೂ ಹೂ ಬಿಡ್ತಾವೆ ಅಂತ ನಾನು ಹೇಳಿರ್ಲಿಲ್ಲ, ಲಿಕ್. ಹತ್ತು ವರ್ಷ ಹಸಿದ ಮಣ್ಣು ಒಂದೇ ಊಟಕ್ಕೆ ಚೇತರಿಸಿಕೊಳ್ಳುತ್ತಾ? ನಿಂತಿರೋ ಹೂವು ಉಳಿಸಿಕೊಳ್ಳಿ. ಹೂ ಅರಳಿರೋವಾಗ ಔಷಧಿ ಹೊಡೀಲೇಬೇಡಿ. ಜೇನುನೊಣ ಬಂದ್ರೇ ಕಾಯಿ."

ಕಾಯಿ ಕಟ್ಟಿದ ಮೇಲೆ ಒಂದು ಬೆಳಿಗ್ಗೆ ಎಲೆ ಮುದುಡಿದ್ದು ಕಂಡಿತು. ಪೊನಿರಾನ್‌ಗೆ ಕೈ ತಡೆಯಲಿಲ್ಲ. ಹಳೇ ಅಭ್ಯಾಸದಂತೆ ಔಷಧಿ ಡಬ್ಬಿ ಬೆನ್ನಿಗೇರಿಸಿ, ಸಿಗರೇಟು ಬಾಯಿಗಿಟ್ಟು ಹೊರಟ. ತುಮಿನಾ ತೋಟದ ಗೇಟಿಗೆ ಅಡ್ಡ ನಿಂತಳು.

"ಮೊದಲು ಎಲೆ ತಿರುಗಿಸಿ ನೋಡಿ. ಎಷ್ಟು ಮರಕ್ಕೆ ಹುಳ ಇದೆ?"

"ಸರಿ ಆಕಡೆ."

"ಸರಿಯೋದಿಲ್ಲ. ನಿಮ್ಮ ಕೈ ನೋಡ್ಕೊಳ್ಳಿ. ಒಂದು ವರ್ಷದಿಂದ ಕಾಫಿ ಲೋಟ ತುಂಬಿಸಿಕೊಡಲ್ಲ ನಾನು, ಯಾಕೆ ಗೊತ್ತಾ? ಚೆಲ್ಲುತ್ತೆ. ನಿಮಗೆ ಬೇಜಾರಾಗುತ್ತೆ ಅಂತ ಅರ್ಧ ಲೋಟ ಕೊಡ್ತೀನಿ."

ಅವನು ಅವಳ ಮುಖ ನೋಡಿದ. ಮನೆಯಲ್ಲಿ ಕಾಫಿಪುಡಿ ಕಮ್ಮಿಯಾಗಿದೆ ಎಂದುಕೊಂಡಿದ್ದ ಅವನು. ಬೆನ್ನಿನ ಡಬ್ಬಿ ಇಳಿಸಿ ಅಲ್ಲೇ ಕಟ್ಟೆಯ ಮೇಲಿಟ್ಟ.

ಇಬ್ಬರೂ ಸೇರಿ ಮರ ಮರ ತಿರುಗಿ ಎಲೆ ನೋಡಿದರು. ಒಂಬತ್ತು ಮರಕ್ಕೆ ಹುಳ ಇತ್ತು. ಅಷ್ಟಕ್ಕೆ ಮಾತ್ರ, ಬಾಟಲಿಯ ಚೀಟಿಯಲ್ಲಿ ಬರೆದ ಅಳತೆಯಷ್ಟೇ ಔಷಧಿ ಹಾಕಿದ. ಪ್ರಪ್ತಿ ತಂದುಕೊಟ್ಟ ಮುಖವಾಡ, ಕೈಗವಸು, ತುಂಬುತೋಳಿನ ಅಂಗಿ. ಗಾಳಿಗೆ ಬೆನ್ನು ಕೊಟ್ಟು ನಿಂತ. ಸಿಗರೇಟು ಮುಟ್ಟಲಿಲ್ಲ. ಮನೆಗೆ ಬಂದವನೇ ಸೋಪು ಹಚ್ಚಿ ಸ್ನಾನ ಮಾಡಿದ. ಬಟ್ಟೆ ಬೇರೆಯೇ ಒಗೆದರು. ಮರುವಾರ ಆರೋಗ್ಯ ಕೇಂದ್ರಕ್ಕೂ ಹೋಗಿ ಕೈ ತೋರಿಸಿಕೊಂಡು ಬಂದ. "ಔಷಧಿ ಮೈಗೆ ಸೋಕದ ಹಾಗೆ ನೋಡ್ಕೊಳ್ಳಿ, ತಿಂಗಳಿಗೊಮ್ಮೆ ಬನ್ನಿ," ಎಂದರು ಅಲ್ಲಿನ ಡಾಕ್ಟರಮ್ಮ.

ಹೂ ಬಿಟ್ಟು ನಾಲ್ಕೂವರೆ ತಿಂಗಳಿಗೆ ಕೊಯ್ಲು. ಊರು ಬೆರಗಾಗುವಂಥ ಬೆಳೆಯೇನಲ್ಲ. ಹಳೇ ಕಾಲದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆದರೆ ಹಣ್ಣು ಮುಷ್ಟಿ ತುಂಬುತ್ತಿತ್ತು. ಕಚ್ಚಿದರೆ ಸದ್ದು ಬರುತ್ತಿತ್ತು. ಗುದ್ದಲಿ ಹಾಕಿದರೆ ಮಣ್ಣು ಟಣ್ ಎನ್ನುತ್ತಿರಲಿಲ್ಲ. ಪೈನೆಮ್‌ಗೆ ಹಲ್ಲಿಲ್ಲ. ತುಮಿನಾ ಹಣ್ಣನ್ನು ತೆಳ್ಳಗೆ ಹೆಚ್ಚಿ ಕೊಟ್ಟಳು. ಅವಳು ಒಂದೊಂದೇ ಹೋಳನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಚೀಪಿದಳು.

ಕೊಯ್ಲು ಮುಗಿದ ಮೇಲೆ ಒಂದು ದಿನ ಪೊನಿರಾನ್ ಅತ್ತೆಯ ಮುಂದೆ ಬಂದು ಕುಕ್ಕುರುಗಾಲಲ್ಲಿ ಕೂತ.

"ಮಾಕ್, ಕೆಳಗಿನ ಎಪ್ಪತ್ತು ಮರ..." ಎಂದ.

"ನಂಗೂ ನಿಂಗೂ ಇಬ್ಬರಿಗೂ ಇದೆ ಆ ನೋವು," ಎಂದಳು ಅವಳು. "ನಾನು ಅವತ್ತೇ ಬಾಯಿ ಬಿಡ್ಬೇಕಿತ್ತು. ಅಳಿಯನ ಮುಂದೆ ಮಾತಾಡೋದು ಹೇಗೆ ಅಂತ ಸುಮ್ನಿದ್ದೆ. ಎಲೆ ಬಿಡಿಸೋದು ನಂಗೆ ಗೊತ್ತಿತ್ತು. ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಮರ ಹೋಯ್ತು."

ಆ ವರ್ಷವೆಲ್ಲ ಅವನು ಬೊಡ್ಡೆ ಕಿತ್ತ. ಕಿತ್ತ ಗುಂಡಿಯಲ್ಲೇ ಕೂಡಲೇ ಸೇಬು ಇಡಬೇಡಿ ಎಂದಿದ್ದಳು ಪ್ರಪ್ತಿ. ಅದಕ್ಕೇ ಒಂದು ಬೆಳೆ ಹುರುಳಿಕಾಯಿ ಹಾಕಿ, ಗಿಡಗಳನ್ನು ಅಲ್ಲೇ ಮಣ್ಣಿಗೆ ಸೇರಿಸಿದ. ಗೊಬ್ಬರ ತುಂಬಿದ. ಆಮೇಲೆ ಹಳೇ ಗುಂಡಿಗಳ ನಡುವಿನ ಜಾಗದಲ್ಲಿ ಸೇಬಿನ ಕಸಿ ಗಿಡ ನೆಟ್ಟ. ಒಂದೇ ಜಾತಿಯಲ್ಲ, ಎರಡು. ಬಿಸಿಲು ತಡೆಯುವ 'ಅನ್ನಾ' ಒಂದು ಸಾಲು, ಊರಿನ ಹಳೇ ಜಾತಿ 'ಮನಲಾಗಿ' ಒಂದು ಸಾಲು. ಒಂದರ ಹೂವಿಗೆ ಇನ್ನೊಂದರ ಪರಾಗ ಬೇಕಲ್ಲ.

"ಇವು ಹಣ್ಣು ಬಿಡೋಕೆ ನಾಲ್ಕು ವರ್ಷ ಬೇಕು, ಮಾಕ್," ಎಂದ.

"ಬೇಕಾಗ್ಲಿ. ನಾನು ತಿನ್ನೋಕೆ ಇರ್ತೀನೋ ಇಲ್ವೋ, ನೆಡೋಕೆ ಇದ್ದೀನಲ್ಲ," ಎಂದು ಪೈನೆಮ್ ಕೋಲು ಬದಿಗಿಟ್ಟು, ಮಗಳ ಭುಜ ಹಿಡಿದು ನೆಲಕ್ಕೆ ಕೂತಳು. ಮೊದಲ ಗಿಡದ ಬುಡಕ್ಕೆ ಎರಡೂ ಕೈಯಿಂದ ಮಣ್ಣು ದೂಡಿ ಮೆತ್ತಗೆ ಒತ್ತಿದಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಗಿಡ ಸೇಬಿರಬಹುದು, ಬೇರೆ ಇನ್ನೇನೋ ಇರಬಹುದು. ಅದು ಸೋತಂತೆ ಕಂಡರೆ ಕಡಿಯುವ ಮುಂಚೆ ಬುಡದ ಒಂದು ಹಿಡಿ ಮಣ್ಣು ತೆಗೆದು ಮೂಸಿ ನೋಡಿ. ಕೊಟ್ಟಿಗೆಯ ಸಗಣಿ ಕಾಲುವೆಗೆ ಹೋಗುತ್ತಿದ್ದರೆ ಇವತ್ತೇ ತಡೆಯಿರಿ, ಕೊಳೆಸಿ ಗಿಡಕ್ಕೆ ಕೊಡಿ. ಹುಳ ಕಾಣದೆ ಔಷಧಿ ಹೊಡೆಯಬೇಡಿ, ಹೊಡೆಯಲೇಬೇಕಾದರೆ ಮೂಗು ಬಾಯಿ ಮುಚ್ಚಿಕೊಳ್ಳಿ. ಬೆಚ್ಚಗಿನ ಸೀಮೆಯಲ್ಲಿ ಸೇಬು ಇಡುವ ಆಸೆಯಿದ್ದರೆ ಚಳಿ ಹೆಚ್ಚು ಬೇಡದ ಜಾತಿಯನ್ನೇ ಕೇಳಿ ತನ್ನಿ, ಎರಡು ಜಾತಿ ಜೊತೆಗೆ ನೆಡಿ. ಗೊತ್ತಿಲ್ಲದ್ದನ್ನು ನಿಮ್ಮ ಊರಿನ ಕೃಷಿ ಅಧಿಕಾರಿಯನ್ನು ಕೇಳಿ. ಅವರಿಗಿಂತ ಮೊದಲು ಮನೆಯ ಹಿರಿಯರನ್ನು ಕೇಳಿ. ಅವರು ಸುಮ್ಮನೆ ಕೂತಿದ್ದಾರೆ ಎಂದರೆ ಅವರಿಗೆ ಗೊತ್ತಿಲ್ಲ ಎಂದಲ್ಲ, ಯಾರೂ ಕೇಳಿಲ್ಲ ಎಂದು.